ಗುರುಪಾದಪ್ಪನ ಫೋನಿನ ಬೇರು

ನಮ್ಮೂರಲ್ಲಿ ಕಟ್ಟಿದ ಗಂಟು ಬೆಳಗಿನವರೆಗೆ ನಿಲ್ಲುವುದಿಲ್ಲ. ಎಷ್ಟೇ ಬಿಗಿದು ಕಟ್ಟಿ ಮಲಗಿದರೂ ಕೋಳಿ ಕೂಗುವಷ್ಟರಲ್ಲಿ ಹಗ್ಗ ಒಂದು ಕಡೆ, ಹೊರೆ ಒಂದು ಕಡೆ. ಎಮ್ಮೆಗಳನ್ನು ಯಾರೂ ಕಟ್ಟುವುದಿಲ್ಲ, ಹೆಸರು ಹಿಡಿದು ಕರೆದರೆ ಬರುವಂತೆ ಕರುವಾಗಿದ್ದಾಗಲೇ ಕಲಿಸಿರುತ್ತಾರೆ. ತೊಟ್ಟಿಲನ್ನು ನೆಲದ ಮೇಲೆ ಇಡುತ್ತಾರೆ. ಅಂಗಿಗೆ ಪಿನ್ನು, ಲಂಗಕ್ಕೆ ಇಲಾಸ್ಟಿಕ್ಕು. ಲಾಡಿ ಎಂಬ ಪದವನ್ನು ನಮ್ಮ ಮಕ್ಕಳು ಪಾಠದ ಪುಸ್ತಕದಲ್ಲಿ ಓದಿ ಬಿದ್ದು ಬಿದ್ದು ನಗುತ್ತವೆ.

ವೈರುಗಳದ್ದಂತೂ ಕೇಳಲೇಬೇಡಿ. ಅವು ಬೆಳಗಿನವರೆಗೂ ಕಾಯುವುದಿಲ್ಲ, ಕೈ ಬಿಟ್ಟ ಕೂಡಲೇ ಜಾರಿ ಬೀಳುತ್ತವೆ. ಹಾಗಾಗಿ ಸಂಜೆಯಾದರೆ ಊರಿನವರೆಲ್ಲ ಕಟ್ಟೆಗಳ ಮೇಲೆ ಚಾರ್ಜರಿನ ಪಿನ್ನನ್ನು ಫೋನಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಕೂರುತ್ತಾರೆ. ಇದಕ್ಕೆ ಚಾರ್ಜಿಗೆ ಕೂರುವುದು ಎಂದೇ ಹೆಸರು. ಹೆಣ್ಣು ಗಂಡು ನೋಡುವುದು, ಹೊಲದ ಜಗಳ ಬಗೆಹರಿಸುವುದು, ಇಲ್ಲದ ಜಗಳ ಹಚ್ಚುವುದು ಎಲ್ಲವೂ ಚಾರ್ಜಿಗೆ ಕೂತಾಗಲೇ ನಡೆಯುತ್ತದೆ. ಫೋನು ತುಂಬಿದರೂ ಏಳದವರು ಊರಲ್ಲಿ ಬಹಳ ಮಂದಿ ಇದ್ದಾರೆ.

ನನ್ನದು ಫೋನು ರಿಪೇರಿ ಅಂಗಡಿ. ಹೆಸರು ಯಮುನಾ, ಊರಿನ ಬಾಯಲ್ಲಿ ಯಮ್ನಾ. ವೈರು ನಿಲ್ಲದ ಊರಲ್ಲಿ ಫೋನು ರಿಪೇರಿ ಹೇಗೆ ಮಾಡುತ್ತೀ ಎಂದು ಪರಊರಿನವರು ಕೇಳುತ್ತಾರೆ. ಗಾಳಿಯಲ್ಲೇ ಮಾಡುತ್ತೇನೆ. ಫೋನಿನ ಸೆಟ್ಟಿಂಗಿನ ತಳದಲ್ಲಿ ಬಿಲ್ಡ್ ನಂಬರ್ ಎಂಬ ಒಂದು ಸಾಲಿರುತ್ತದೆ. ಅದನ್ನು ಮೇಲಿಂದ ಮೇಲೆ ಬೆರಳಿನಿಂದ ತಟ್ಟಿದರೆ, 'ನೀವೀಗ ಡೆವಲಪರ್' ಎಂದು ಫೋನು ತಾನಾಗಿಯೇ ಪದವಿ ಕೊಡುತ್ತದೆ. ನಮ್ಮ ಓಣಿಯಲ್ಲಿ ಹಾಲು ಮಾರುವ ಚೆನ್ನಬಸವ್ವನೂ ಡೆವಲಪರ್. ಆಮೇಲೆ ವೈರ್‌ಲೆಸ್ ಡೀಬಗ್ಗಿಂಗ್ ಎಂಬ ಸ್ವಿಚ್ಚು ಒತ್ತಬೇಕು. ಆಗ ಫೋನು ಒಂದು ಜೋಡಿ ನಂಬರು ತೋರಿಸುತ್ತದೆ. ಅದನ್ನು ನನ್ನ ಲ್ಯಾಪ್‌ಟಾಪಿಗೆ ಹೇಳಿದರೆ, ಎರಡೂ ಒಂದೇ ವೈಫೈ ಕೆಳಗಿದ್ದರೆ, ಜೋಡಿಯಾದವು ಎಂದೇ ಲೆಕ್ಕ. ಕೂತಲ್ಲಿಂದಲೇ ಫೋನಿಗೆ ಬುದ್ಧಿ ಹೇಳಬಹುದು. ಬೇರೆ ಊರಲ್ಲಿ ಒಮ್ಮೆ ಜೋಡಿಯಾದವು ಮರುದಿನ ಒಂದನ್ನೊಂದು ಗುರುತು ಹಿಡಿಯುತ್ತವಂತೆ. ನಮ್ಮಲ್ಲಿ ರಾತ್ರಿ ಕಳೆದರೆ ಅದೂ ಬಿಚ್ಚಿಹೋಗಿರುತ್ತದೆ. ಬೆಳಿಗ್ಗೆ ಮತ್ತೆ ನಂಬರು, ಮತ್ತೆ ಜೋಡಿ. ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳುವ ಕಷ್ಟವೇ ಇಲ್ಲ, ಏಕೆಂದರೆ ಅವರ ಮದುವೆಗಳೂ ಹಾಗೆಯೇ.

ತಾಳಿ ಕಟ್ಟುವುದು ನಮ್ಮಲ್ಲಿಲ್ಲ, ಕಟ್ಟಿ ಏನು ಪ್ರಯೋಜನ. ಮದುವೆಯ ದಿನ ಗಂಡು ಹೆಣ್ಣಿನ ಕಿವಿಯಲ್ಲಿ ತನ್ನದೊಂದು ಮಾತು ಹೇಳುತ್ತಾನೆ. ಹೆಣ್ಣು 'ಹೂಂ' ಎನ್ನುತ್ತಾಳೆ. ಅವಳೂ ತನ್ನದೊಂದು ಮಾತು ಹೇಳುತ್ತಾಳೆ, ಅವನು 'ಹೂಂ' ಎನ್ನುತ್ತಾನೆ. ಇದಕ್ಕೆ ಹಿಡಿಮಾತು ಎನ್ನುತ್ತೇವೆ. ಮರುದಿನ ಎದ್ದ ಮೇಲೆ ಮತ್ತೆ ಅದೇ ಮಾತು, ಅದೇ ಹೂಂ. ಹೀಗೆ ಬದುಕಿರುವ ತನಕ ದಿನಾ. ಹೊತ್ತು ಮುಳುಗುವುದರೊಳಗೆ ಹೇಳದಿದ್ದರೆ ಮದುವೆ ಬಿಚ್ಚಿತು. ಮಾತು ಮೂರನೆಯವರ ಕಿವಿಗೆ ಬೀಳಬಾರದು. ಗಂಡನ ಮಾತನ್ನು ಹೆಂಡತಿ, ಹೆಂಡತಿಯ ಮಾತನ್ನು ಗಂಡ ನೆನಪಿಸಿ ಕೊಡಲೂಬಾರದು. ಇದನ್ನೆಲ್ಲ ಬಂದು ತನಿಖೆ ಮಾಡುವವರು ಯಾರೂ ಇಲ್ಲ. ಆದರೆ ಈ ಒಂದು ವಿಷಯದಲ್ಲಿ ಸುಳ್ಳು ಹೇಳಿದವರನ್ನು ನಾನು ನಮ್ಮೂರಲ್ಲಿ ಕಂಡಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಬೇರೆ ಊರಿನದು. ನಮ್ಮಲ್ಲಿ ಉಂಡು ಮಲಗಿ ಎದ್ದ ಮೇಲೇ ಪೇಚಾಟ. ನನ್ನದು ಒಂದು ಶ್ರಾವಣದಲ್ಲಿ ಬಿಚ್ಚಿತು. ಹಿಂದಿನ ದಿನ ಮಾತಿಗೆ ಮಾತು ಬೆಳೆದಿತ್ತು. ಅವನೇ ಮೊದಲು ಹೇಳಲಿ ಎಂದು ನಾನು ರೊಟ್ಟಿ ಬಡಿಯುತ್ತ ಕೂತೆ, ನಾನೇ ಮೊದಲು ಹೇಳಲಿ ಎಂದು ಅವನು ಸೈಕಲ್ಲು ಒರೆಸುತ್ತ ಕೂತ. ಹೊತ್ತು ಮುಳುಗಿತು. ಥಳಥಳ ಹೊಳೆಯುವ ಸೈಕಲ್ಲು ಹತ್ತಿ ಅವನು ಹೋದ. ರೊಟ್ಟಿ ಮಾತ್ರ ಬಹಳ ಉಳಿದವು, ಪಕ್ಕದ ಮನೆಯ ಕಾಶವ್ವನಿಗೆ ಕೊಟ್ಟೆ. ಅವಳು ಏನೂ ಕೇಳದೆ ರೊಟ್ಟಿ ಇಸಿದುಕೊಂಡು ನನ್ನನ್ನು ತನ್ನ ಮನೆಯಲ್ಲೇ ಮಲಗಿಸಿಕೊಂಡಳು.

ಕಾಶವ್ವನ ಗಂಡ ಗುರುಪಾದಪ್ಪ ಊರ ಬಸ್ಸಿನ ಕಂಡಕ್ಟರಾಗಿದ್ದವನು. ಬಸ್ಸಿನ ಗಂಟೆಗೆ ಹಗ್ಗ ನಿಲ್ಲದ್ದರಿಂದ ಗಂಟಲಿನಲ್ಲೇ 'ರೈಟ್' ಎನ್ನಬೇಕಿತ್ತು. ಆ ಕೂಗು ಮೂರು ಓಣಿ ದಾಟಿ ಕೇಳುತ್ತಿತ್ತು. ಯಾರು ಎಲ್ಲಿ ಇಳಿಯಬೇಕೆಂಬುದು ಇಳಿಯುವವರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ನಿದ್ದೆ ಹೋದವರನ್ನು ಭುಜ ತಟ್ಟಿ ಎಬ್ಬಿಸಿ, ಬುತ್ತಿ ಮರೆತವರಿಗೆ ಬುತ್ತಿ ಕೊಟ್ಟು ಇಳಿಸುತ್ತಿದ್ದ. ನಿವೃತ್ತಿಯಾದ ಮೇಲೂ ಬಸ್ಸು ಓಣಿಗೆ ಬಂದರೆ ಕಟ್ಟೆಯ ಮೇಲಿಂದಲೇ 'ರೈಟ್' ಎನ್ನುತ್ತಿದ್ದ. ಹೊಸ ಕಂಡಕ್ಟರು ಬೈದುಕೊಂಡರೂ ಡ್ರೈವರು ಗಾಡಿ ಬಿಟ್ಟೇಬಿಡುತ್ತಿದ್ದ.

ಅಂಥವನಿಗೆ ಮರೆವು ಶುರುವಾಯಿತು. ಮೊದಲು ಚಪ್ಪಲಿ, ಆಮೇಲೆ ದಾರಿ, ಆಮೇಲೆ ಊಟ ಮಾಡಿದ್ದು. ಒಂದು ದಿನ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತ ಕಾಶವ್ವನ ಹತ್ತಿರ ಟಿಕೆಟ್ ತೋರಿಸಿ ಎಂದು ಕೇಳಿದ. ಅವಳು ನಕ್ಕು ಒಂದು ಮೆಣಸಿನಕಾಯಿ ತೆಗೆದು ಕೈಗಿಟ್ಟಳು. ಅವನು ಅದನ್ನು ಮುರಿದು ಅರ್ಧ ವಾಪಸ್ಸು ಕೊಟ್ಟ. ಈ ಕಥೆಯನ್ನು ಅವಳು ನಗುನಗುತ್ತಲೇ ನನಗೆ ಹೇಳಿದಳು, ಹೇಳಿ ಮುಗಿಸಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಗುರುಪಾದಪ್ಪನ ತಮ್ಮ ಮಲ್ಲೇಶಪ್ಪ ಮೇಲಿನ ಓಣಿಯಲ್ಲಿದ್ದ. ಕೆಟ್ಟವನಲ್ಲ. ಆದರೆ ರೀತಿ ರಿವಾಜು ಎಂದರೆ ಪ್ರಾಣ. ಅಣ್ಣನ ಹಿಡಿಮಾತು ತಪ್ಪಿದ ದಿನ ಅವನು ಕಾಶವ್ವನಿಗೆ ಏನೂ ಅಲ್ಲ, ರಕ್ತ ಹಂಚಿಕೊಂಡವನು ನಾನು, ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹಿರಿಯರ ಮುಂದೆ ಹೇಳಿಯೇಬಿಟ್ಟಿದ್ದ. ದಿನಾ ಹೊತ್ತು ಮುಳುಗುವ ಹೊತ್ತಿಗೆ ಬಂದು, ಬಾಗಿಲಲ್ಲೇ ನಿಂತು, "ವೈನಿ, ಇವತ್ತು ಆತೇನ್ರಿ?" ಎಂದು ಕೇಳುತ್ತಿದ್ದ. ಅವಳು "ಆತು" ಎಂದರೆ ಚಹಾ ಕುಡಿದು ಹೋಗುತ್ತಿದ್ದ.

ಫೋನಿನ ಉಪಾಯ ಹೊಳೆದದ್ದು ಕಾಶವ್ವನಿಗೇ. ಹೆಂಡತಿ ನೆನಪಿಸಬಾರದು, ಸರಿ. ಗಂಡ ತನಗೆ ತಾನೇ ನೆನಪಿಸಿಕೊಂಡರೆ? ಹಿರಿಯರು ಚಾರ್ಜಿಗೆ ಕೂತಲ್ಲೇ ಯೋಚನೆ ಮಾಡಿ, ತನ್ನ ದನಿ ತಾನು ಕೇಳಿದರೆ ತಪ್ಪೇನಿಲ್ಲ ಎಂದರು. ನಾನು ಗುರುಪಾದಪ್ಪನ ಫೋನಿಗೆ ಒಂದು ಆ್ಯಪು ಹಾಕಿಕೊಟ್ಟೆ. ಅವನ ಹೆಬ್ಬೆಟ್ಟಿಗಷ್ಟೇ ತೆರೆದುಕೊಳ್ಳುವ ಪೆಟ್ಟಿಗೆಯಂಥದ್ದು. ಒಳಗೆ ಹೇಳಿಟ್ಟ ಮಾತನ್ನು ದಿನಾ ಬೆಳಿಗ್ಗೆ ಅವನ ಕಿವಿಗೆ ಹೇಳುತ್ತದೆ. ಅವನು ಫೋನು ಹಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾವಿಬ್ಬರೂ ಹೊರಗೆ ಕೂತು ಕೂತು ಸಾಕಾದೆವು.

ಬಾಗಿಲು ತೆಗೆದು ಬಂದಾಗ ಅವನ ಕಣ್ಣು ಕೆಂಪಗಿದ್ದವು. "ಒಂದು ಮಾತು ಹೇಳಾಕ ಇಷ್ಟೊತ್ತೇನ?" ಎಂದು ಕಾಶವ್ವ ಗದರಿಸಿದಳು.

"ಗಂಟಲು ಕಟ್ಟಿತ್ತು," ಎಂದ.

"ನಮ್ಮೂರಾಗ ಕಟ್ಟಿದ್ದು ನಿಲ್ಲೂದು ಅದೊಂದ ನೋಡು," ಎಂದಳು ಕಾಶವ್ವ. ಅವನು ಜೋರಾಗಿ ನಕ್ಕ.

ಅಂದಿನಿಂದ ದಿನಾ ಬೆಳಿಗ್ಗೆ ಫೋನು ಮಾತಾಡಲು ಶುರು ಮಾಡುವ ಹೊತ್ತಿಗೆ ಕಾಶವ್ವ ತಂಬಿಗೆ ಹಿಡಿದು ಅಂಗಳಕ್ಕೆ ನೀರು ಹಾಕಲು ಹೊರಗೆ ಬರುತ್ತಿದ್ದಳು. ಗಂಡಸು ತನಗೆ ತಾನು ಹೇಳಿಕೊಳ್ಳುವುದನ್ನು ಕೇಳಬಾರದೆಂಬ ಮರ್ಯಾದೆ ಅದು. ನಾನೂ ಗೋಡೆಯ ಆಚೆ ಪಾತ್ರೆ ಸಪ್ಪಳ ಮಾಡುತ್ತಿದ್ದೆ. ನೀರು ಹಾಕಿ ಒಳಗೆ ಹೋದವಳು ಸ್ವಲ್ಪ ಹೊತ್ತಿನಲ್ಲೇ ರಂಗೋಲಿ ಡಬ್ಬಿ ಹಿಡಿದು ಮತ್ತೆ ಹೊರಗೆ ಬರುವಳು. ಮುಖ ನೋಡಿದರೆ ತಿಳಿಯುತ್ತಿತ್ತು, ಮಾತು ಆಗಿದೆ ಎಂದು. ಕೆಲವು ದಿನ ರಂಗೋಲಿ ದೊಡ್ಡದಾಗಿರುತ್ತಿತ್ತು.

ನಡುವೆ ಒಮ್ಮೆ ಬೆಳಿಗ್ಗೆ ಫೋನು ಬಾಯಿ ಬಿಡಲಿಲ್ಲ. ಬ್ಯಾಟರಿ ಉಳಿಸುತ್ತೇನೆಂದು ಫೋನೇ ಆ ಆ್ಯಪನ್ನು ಕತ್ತು ಹಿಚುಕಿ ಮಲಗಿಸಿತ್ತು. ಜೋಡಿ ನಂಬರು ಹಾಕಿ, ಇದೊಂದನ್ನು ಮಲಗಿಸಬೇಡ ಎಂದು ಲ್ಯಾಪ್‌ಟಾಪಿನಿಂದ ಹೇಳಿಕೊಟ್ಟೆ. ಮಧ್ಯಾಹ್ನದೊಳಗೆ ಎಲ್ಲ ಸರಿಹೋಯಿತು. ಮಳೆಗಾಲ ಕಳೆಯಿತು, ಚಳಿಯೂ ಕಳೆಯಿತು. ಗುರುಪಾದಪ್ಪನ ತಲೆಯಿಂದ ಒಂದೊಂದೇ ಇಳಿದು ಹೋಗುತ್ತಿದ್ದವು. ನನ್ನ ಹೆಸರು ಹೋಯಿತು, ತಮ್ಮನ ಹೆಸರು ಹೋಯಿತು, ಬಸ್ಸು ಬಂದರೂ ಅವನು ಸುಮ್ಮನೆ ನೋಡುತ್ತ ಕೂರುತ್ತಿದ್ದ. ಬೆಳಗಿನ ಮಾತು ಮಾತ್ರ ತಪ್ಪಿರಲಿಲ್ಲ.

ಆಮೇಲೆ ಆ ದಿನ ಬಂತು. ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಕಾಶವ್ವ ಗಂಡನ ಕೈ ಹಿಡಿದುಕೊಂಡು ಬಂದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಫೋನು.

"ರಾತ್ರಿ ತಾನ ಏನೋ ಅಪ್‌ಡೇಟ್ ಮಾಡ್ಕೊಂಡೈತಿ, ಯಮ್ನಾ. ಮುಂಜಾನಿಂದ ಪೆಟ್ಟಿಗಿ ತಗೀವಲ್ದು. ಇವ ಎದ್ದು ನನಗ ಕೈ ಮುಗದಾನ."

"ಕೈ ಮುಗದಾನ?"

"ಹೂಂ. 'ಯಾರು ಬೇಕಾಗಿತ್ತು ನಿಮಗ' ಅಂತ ಕೇಳಿದ. ನನ್ನ ಮನ್ಯಾಗ, ನನಗ!" ಎಂದಳು. ನಗಲು ನೋಡಿದಳು, ಆಗಲಿಲ್ಲ.

ಫೋನು ತೆಗೆದುಕೊಂಡು ನೋಡಿದೆ. ಹೊಸ ಅಪ್‌ಡೇಟು ಹಳೆಯ ಆ್ಯಪನ್ನು ಸೇರಿಸಿಕೊಳ್ಳುತ್ತಿಲ್ಲ. ಒತ್ತಿದರೆ ತೆರೆದಂತೆ ಮಾಡಿ ಮುಚ್ಚಿಕೊಳ್ಳುತ್ತದೆ. ಗುರುಪಾದಪ್ಪನ ಕೈಯಿಂದ ಜೋಡಿ ನಂಬರು ಓದಿಸಿದೆ. ಟಿಕೆಟ್ ನಂಬರು ಓದುವ ಹಾಗೆ ಗಟ್ಟಿಯಾಗಿ ಓದಿ, ಸರಿಯಾಯಿತೇ ಎಂದು ನನ್ನ ಮುಖ ನೋಡಿದ. ಲ್ಯಾಪ್‌ಟಾಪು ಫೋನು ಜೋಡಿಯಾದವು. ಫೋಟೊಗಳು ಸಿಕ್ಕವು, ಹಾಡುಗಳು ಸಿಕ್ಕವು, ಅವನು ಯಾವಾಗಲೋ ತೆಗೆದ ಬಸ್ಸಿನ ಟೈರಿನ ಚಿತ್ರ ಸಿಕ್ಕಿತು. ಆ ಪೆಟ್ಟಿಗೆಯ ಒಳಗೆ ಮಾತ್ರ ನನಗೆ ದಾರಿ ಇರಲಿಲ್ಲ.

ಕಾಶವ್ವನಿಗೆ ತಿಳಿಯುವಂತೆ ಹೇಳಿದೆ. "ಕಾಶಕ್ಕಾ, ಈ ವೈರ್‌ಲೆಸ್ ಜೋಡಿ ಅಂದ್ರ ಬೀಗರಿದ್ದಂಗ. ಪಡಸಾಲಿ ತನಕ ಬಿಡ್ತಾರ, ಅಡಗಿಮನಿ ತನಕನೂ ಬಿಡ್ತಾರ. ದೇವರ ಕ್ವಾಣಿ ಕೀಲಿ ಮಾತ್ರ ಕಂಪನಿ ಕಡೆ ಇರ್ತೈತಿ. ಅಲ್ಲಿ ಹೋಗಬೇಕಂದ್ರ ಬೇರು ಬಿಡಿಸಬೇಕು."

ರೂಟ್ ಮಾಡುವುದಕ್ಕೆ ನಮ್ಮಲ್ಲಿ ಬೇರು ಬಿಡಿಸುವುದು ಎನ್ನುತ್ತಾರೆ. ಕಂಪನಿ ತುರುಕಿದ ಬೇಡದ ಆ್ಯಪುಗಳನ್ನು ಕಿತ್ತೆಸೆಯಬೇಕು ಎನ್ನುವವರು, ಹಳೆಯ ಫೋನಿಗೆ ಜೀವ ತುಂಬಬೇಕು ಎನ್ನುವವರು ಇದಕ್ಕಾಗಿ ಬರುತ್ತಾರೆ. ಫೋನು ನಮ್ಮದು, ಯಜಮಾನಿಕೆಯೂ ನಮ್ಮದೇ ಆಗಲಿ ಎಂಬ ಆಸೆ. ತಪ್ಪಲ್ಲ. ಆದರೆ ನಾನು ಮೊದಲೇ ಹೇಳಿಬಿಡುತ್ತೇನೆ: ಗ್ಯಾರಂಟಿ ಹೋಗುತ್ತದೆ, ಬ್ಯಾಂಕಿನ ಆ್ಯಪು ಮುಖ ತಿರುಗಿಸುತ್ತದೆ, ನಿಮಗೆ ತೆರೆದ ಬಾಗಿಲು ಕಳ್ಳನಿಗೂ ತೆರೆದಿರುತ್ತದೆ, ನಡುವೆ ಎಡವಟ್ಟಾದರೆ ಫೋನು ಇಟ್ಟಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಕಂಪನಿಯ ಬೀಗ ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬೀಗ ಮಾಡಿದವರೇ ಹಾಗೆ ಮಾಡಿಟ್ಟಿದ್ದಾರೆ.

"ಅಂದ್ರ ಒಳಗಿನ ಮಾತು ಬೇಕಂದ್ರ ಬೀಗ ತಗೀಬೇಕು, ಬೀಗ ತಗದ್ರ ಮಾತ ಇರಂಗಿಲ್ಲ," ಎಂದಳು ಕಾಶವ್ವ. "ಇದ್ಯಾವ ನ್ಯಾಯ ಯವ್ವಾ?"

"ಇನ್ನೊಂದು ದಾರಿ ಐತಿ. ಈ ಫೋನಿನ ಗ್ವಾಡ್ಯಾಗ ಒಂದು ಬಿರುಕು ಐತಂತ ಯಾರೋ ಪುಣ್ಯಾತ್ಮರು ಕಂಡು ಹಿಡದಾರ. ಬೀಗ ಮುಟ್ಟದಂಗ ಆ ಬಿರುಕಿನ್ಯಾಗ ಕೈ ಹಾಕಿ ಬೇರು ಬಿಡಿಸಬಹುದು. ಆಗಬಹುದು. ಆಗದಿದ್ರ ಫೋನು ಸಾಯ್ತೈತಿ, ಮಾತೂ ಹೋಗ್ತೈತಿ. ನಾಕ ದಿನ ತಡದ್ರ ಕಂಪನಿಯವರು ಏನರ ಸರಿ ಮಾಡಬಹುದು."

"ನಾಕ ದಿನ?" ಎಂದಳು. ಹೊರಗೆ ಬಿಸಿಲು ಆಗಲೇ ಅಂಗಡಿಯ ಮೆಟ್ಟಿಲು ಬಿಟ್ಟು ರಸ್ತೆಗೆ ಇಳಿದಿತ್ತು. "ಮಲ್ಲೇಶಿ ಸಂಜಿಗೆ ಬರ್ತಾನ."

ನನಗೆ ಅವಳ ಕಷ್ಟ ಗೊತ್ತಿತ್ತು. ಆ ಮಾತು ಅವಳಿಗೆ ಬಾಯಿಪಾಠ ಇದ್ದಿರಬೇಕು, ಒಂದು ಜನ್ಮಕ್ಕಾಗುವಷ್ಟು ಸಲ ಕೇಳಿದ್ದಾಳೆ. ಆದರೆ ಅವಳು ಹೇಳಿಕೊಟ್ಟರೆ ನಡೆಯುವುದಿಲ್ಲ. ಹೊಸದಾಗಿ ಹೇಳಿಸಿಡೋಣವೆಂದರೆ ಹೇಳಬೇಕಾದವನು ಸ್ಟೂಲಿನ ಮೇಲೆ ಕೂತು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಾನೆ. ಹೊತ್ತು ಮುಳುಗಿದರೆ ಅವಳು ಅವನಿಗೆ ಅನ್ನ ಹಾಕುವ ಹಕ್ಕಿನವಳೂ ಅಲ್ಲ.

"ಬಿಡಸು," ಎಂದಳು.

ಕೆಲಸ ಶುರು ಮಾಡಿದೆ. ಫೋನು ಆರಿತು, ಹತ್ತಿತು, ಮತ್ತೆ ಆರಿತು. ಪ್ರತಿ ಸಲ ಹತ್ತಿದಾಗಲೂ ಜೋಡಿ ಬಿಚ್ಚಿಹೋಗಿರುತ್ತಿತ್ತು, ಹೊಸ ನಂಬರು ಕೇಳುತ್ತಿತ್ತು. ಪ್ರತಿ ಸಲ ಗುರುಪಾದಪ್ಪನ ಹೆಬ್ಬೆಟ್ಟು ಬೇಕು. ಕಾಶವ್ವ ಅವನ ಕೈ ಹಿಡಿದು ಒತ್ತಿಸುತ್ತಿದ್ದಳು. ಅವನು ಯಾರೆಂಬುದು ಅವನಿಗೆ ಮರೆತಿದ್ದರೂ ಫೋನಿಗೆ ನೆನಪಿತ್ತು, ಒಂದು ಸಲವೂ ತಕರಾರು ಮಾಡದೆ ತೆರೆದುಕೊಂಡಿತು.

ನಡುವೆ ಕಾಶವ್ವ ಮನೆಯಿಂದ ರೊಟ್ಟಿ ಪಲ್ಯ ತಂದಳು. ಗುರುಪಾದಪ್ಪ ಕೈ ತೊಳೆದು, "ನಿಮಗ ಬಹಳ ತ್ರಾಸು ಕೊಟ್ಟೆ, ಅಕ್ಕಾರ," ಎಂದು ಅವಳಿಗೆ ಹೇಳಿ ಊಟಕ್ಕೆ ಕೂತ.

"ಕೇಳಿದೇನ? ಅಕ್ಕಾರ ಅಂತ," ಎಂದಳು ನನ್ನ ಕಡೆ ತಿರುಗಿ. "ನಿನ್ನೆ ತನಕ ಹಿಂಗ ಇರಲಿಲ್ಲ. ದಿನಾ ಮುಂಜಾನೆ ಒಂದೊಂದು ನಮೂನಿ ಅಂತಿದ್ದ, ಕೇಳಾಕ ಚಂದ ಇರ್ತಿತ್ತು. ಏನ ಅಂದ್ರೂ ನನಗ ಅಂತಿದ್ದ."

"ಒಂದೊಂದು ನಮೂನಿ? ಮಾತು ಒಂದ ಅಲ್ಲೇನ?"

ಅವಳು ಪಲ್ಯದ ಬೋಗುಣಿಯನ್ನು ಅವನತ್ತ ಸರಿಸಿದಳು. "ನಿನ್ನ ಕೆಲಸ ನೋಡು," ಎಂದಳು.

ಬೇಯುವ ತನಕ ಕಾದವರಿಗೆ ಆರುವ ತನಕ ಕಾಯುವುದು ಕಷ್ಟ. ಕೊನೆಯ ಸಲ ಫೋನು ಆರಿದ್ದು ಬಹಳ ಹೊತ್ತು ಹತ್ತಲೇ ಇಲ್ಲ. ಕಪ್ಪು ಗಾಜಿನಲ್ಲಿ ನಮ್ಮ ಮೂವರ ಮುಖ ಕಾಣುತ್ತಿತ್ತು. ನಾನು ದೇವರನ್ನೂ ಬೈದೆ, ಕಂಪನಿಯನ್ನೂ ಬೈದೆ. ಕಾಶವ್ವ ಗಂಡನ ಅಂಗಿಯ ಪಿನ್ನು ಸರಿ ಮಾಡುತ್ತ ನಿಂತಿದ್ದಳು. ಆಮೇಲೆ ಫೋನು ಒಮ್ಮೆ ನಡುಗಿತು, ಹತ್ತಿಕೊಂಡಿತು. ಲ್ಯಾಪ್‌ಟಾಪಿನಲ್ಲಿ ನನಗೆ ಬೇಕಾಗಿದ್ದ ಸಾಲು ಕಾಣಿಸಿತು. ಬೇರು ಬಿಟ್ಟಿತ್ತು. ಪೆಟ್ಟಿಗೆಯೊಳಗೆ ಒಂದೇ ಒಂದು ಧ್ವನಿಯ ಫೈಲು ಸುರಕ್ಷಿತವಾಗಿ ಇತ್ತು.

ನನಗೆ ಕುಣಿಯಬೇಕೆನ್ನಿಸಿತು. ಕಾಶವ್ವ ಮಾತ್ರ ಎದ್ದು ಬಾಗಿಲಿನ ಕಡೆ ನಡೆದಳು. "ಹೊರಗ ಕುಂತಿರ್ತೇನಿ. ಮೊದಲು ನೀ ಕೇಳಿ ಸರಿ ಐತಿಲ್ಲೊ ನೋಡು, ಫೋನಿನ ಡಾಕ್ಟರಿಗೆ ಆ ಕಟ್ಟಳೆ ಇಲ್ಲ. ಆಮ್ಯಾಲೆ ಇವನ ಕಿವಿಗೆ ಇಡು." ಹೋಗಿ ಮೆಟ್ಟಿಲ ಮೇಲೆ, ಬೆನ್ನು ಇತ್ತ ಮಾಡಿ ಕೂತಳು. ಸೆರಗು ಸರಿಪಡಿಸಿಕೊಂಡಳು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. ಗುರುಪಾದಪ್ಪನದೇ ದನಿ, ಗಟ್ಟಿ ದನಿ, ಬಸ್ಸಿನ ದನಿ.

"ಗುರುಪಾದಾ, ಏಳು. ಹೆದರಬ್ಯಾಡ, ಇದು ನಿನ್ನ ಮನೀನ. ಹೊರಗ ನೀರು ಹಾಕೂ ಸಪ್ಪಳ ಕೇಳ್ತೈತಲ್ಲ, ಆಕಿ ಕಾಶಿ. ನಿನ್ನ ಹೆಂಡ್ತಿ. ಈಗ ಒಳಗ ಬರ್ತಾಳ. ಆಕಿಗೆ ನೀ ಒಂದು ಮಾತು ಅನ್ನೂದೈತಿ." ಇಲ್ಲಿ ದನಿ ನಿಂತಿತು. ಉಸಿರು ಮಾತ್ರ ಕೇಳುತ್ತಿತ್ತು. ಹೊರಗೆಲ್ಲೋ ನಾನು ಮತ್ತು ಕಾಶವ್ವ ಮಾತಾಡುತ್ತ ಕೂತ ಸದ್ದು ಸಣ್ಣಗೆ ಕೇಳುತ್ತಿತ್ತು. "ಆ ಮಾತು ಯಾವುದು ಅಂತ ಹೇಳಾಕ ಕುಂತೇನಿ. ಎಷ್ಟೊತ್ತಾತು ಕುಂತು. ನೆನಪಾಗವಲ್ದು. ನಿನ್ನೇನೂ ನೆನಪಾಗಲಿಲ್ಲ, ಮೊನ್ನೇನೂ ಆಗಲಿಲ್ಲ. ಬಾಯಿಗೆ ಬಂದಿದ್ದು ಅಂದೆ. ಆಕಿ ನನ್ನ ಮಾರಿ ನೋಡಿ ಹೂಂ ಅಂದ್ಲು. ಅದು ಅಲ್ಲ ಅಂತ ಆಕಿಗೆ ಗೊತ್ತೈತಿ. ನನಗೂ ಗೊತ್ತೈತಿ ಅನ್ನೂದು ಆಕಿಗೆ ಗೊತ್ತಿಲ್ಲ. ಗೊತ್ತು ಮಾಡಬ್ಯಾಡ, ಅಳ್ತಾಳ." ಅವನೇ ಅಳುತ್ತಿದ್ದ. "ಏನರ ಅನ್ನು, ಗುರುಪಾದಾ. ಚಂದಂದು ಅನ್ನು. ಆಕಿ ಮಾರಿ ನೋಡಿ ಅನ್ನು. ಆಕಿ ಹೂಂ ಅಂತಾಳ."

ಅಷ್ಟೇ. ಮಾತು ಇರಲೇ ಇಲ್ಲ. ಆ ಪೆಟ್ಟಿಗೆಯಲ್ಲಿ ಅದು ಎಂದೂ ಇರಲಿಲ್ಲ.

ನಮ್ಮ ಹಿರಿಯರ ಲೆಕ್ಕದಲ್ಲಿ ಇವರ ಮದುವೆ ಬಿಚ್ಚಿ ಎಷ್ಟೋ ಕಾಲವಾಗಿತ್ತು. ದಿನಾ ಬೆಳಿಗ್ಗೆ ಅವನು ಏನೋ ಒಂದು ಅಂದ, ಅವಳು ಹೂಂ ಅಂದಳು, ಹೊರಗೆ ಬಂದು ರಂಗೋಲಿ ಹಾಕಿದಳು, ಸಂಜೆ ಮೈದುನನಿಗೆ ಆತು ಎಂದಳು. ನಾನು ಒಂದು ಸೈಕಲ್ಲಿಗೆ, ನಾಲ್ಕು ರೊಟ್ಟಿಗೆ ಹಟ ಹಿಡಿದು ಕಳೆದುಕೊಂಡದ್ದನ್ನು ಇವರಿಬ್ಬರು ಬರೀ ಸುಳ್ಳಿನ ಮೇಲೆ ಇಷ್ಟು ದಿನ ಹಿಡಿದು ನಿಲ್ಲಿಸಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಇರಲಿ, ಏನೋ ಒಂದು ಅಂದರೆ ಸಾಕಲ್ಲ, ಹೆಂಡತಿ ಎಂದು ತಿಳಿದು ಅಂದರೆ ಸಾಕಲ್ಲ ಎಂದುಕೊಂಡು ಕಣ್ಣೊರೆಸಿ ಫೋನನ್ನು ಗುರುಪಾದಪ್ಪನ ಕಿವಿಗೆ ಇಟ್ಟೆ. ಅವನು ತಲೆ ಬಗ್ಗಿಸಿ, ಬಹಳ ಗಮನ ಕೊಟ್ಟು ಕೇಳಿದ. ನಡುವೆ ಒಮ್ಮೆ ತ್ಚು ತ್ಚು ಎಂದ. ಮುಗಿದ ಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದ.

"ಯಾರ್ರೀ ಇವರು? ಪಾಪ, ಅಳಾಕತ್ತಾರಲ್ಲ."

"ಮಾಮಾ, ಅದು ನಿಮ್ಮ ದನಿ. ನೀವ ಹೇಳಿದ್ದು."

"ಅಲ್ಲ ತಗೀರಿ," ಎಂದ, ನಾನು ತಮಾಷೆ ಮಾಡುತ್ತಿರುವಂತೆ. "ನನಗ ಅಂಥಾದ್ದು ಏನಾಗೇತಿ?" ಇನ್ನೊಮ್ಮೆ ಹಾಕಲು ಹೇಳಿದ. ಇನ್ನೊಮ್ಮೆ ಕೇಳಿದ. ಅವನ ಕಣ್ಣಲ್ಲಿ ನೀರು ಬಂತು, ಆದರೆ ಅದು ಬೇರೆಯವರ ದುಃಖಕ್ಕೆ ಬರುವ ನೀರು. "ಇಂಥಾ ಮನುಷಾನ್ನ ಹಿಂಗ ಒಬ್ಬನ್ನ ಬಿಟ್ಟಾರಲ್ರೀ. ಇವರ ಮನಿಯವರಿಗೆ ಯಾರರ ತಿಳಿಸ್ಯಾರೇನು?"

ಅವನೇ ಫೋನನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, ಎದ್ದು, ಬಾಗಿಲಿಗೆ ಹೋದ. ಮೆಟ್ಟಿಲ ಮೇಲೆ ಕಾಶವ್ವ ಅವನ ಹೆಜ್ಜೆ ಸಪ್ಪಳ ಕೇಳಿ ಎದ್ದು ನಿಂತಳು. ಮುಖ ಎತ್ತಿ ಅವನ ಮುಖ ನೋಡಿದಳು. ದಿನಾ ಹಾಗೆಯೇ ನೋಡುತ್ತಿದ್ದಳೇನೋ, ನಾನು ಕಂಡದ್ದು ಅದೇ ಮೊದಲು. ಅವನು ಅನ್ನಲಿ, ಏನಾದರೂ ಅನ್ನಲಿ ಎಂದು ನಾನು ಮೇಜಿನ ಅಂಚು ಹಿಡಿದು ಕಾದೆ.

"ಯವ್ವಾ," ಎಂದ ಗುರುಪಾದಪ್ಪ, "ಕಾಶಿ ಅಂದ್ರ ನೀವೇನ್ರಿ?"

ಅವಳು ಅವನನ್ನೇ ನೋಡುತ್ತಿದ್ದಳು. "ಹೂಂ," ಎಂದಳು.

"ನಿಮ್ಮ ಯಜಮಾನ್ರು ಒಳಗ ಅದಾರ್ರಿ. ನಿಮ್ಮ ಸಲುವಾಗಿ ಭಾಳ ಅಳಾಕತ್ತಾರ. ಲಗೂನ ಹೋಗ್ರಿ." ಹೀಗೆಂದು ಪಕ್ಕಕ್ಕೆ ಸರಿದು, ಅವಳಿಗೆ ಹತ್ತಲು ದಾರಿ ಬಿಟ್ಟ.

ಕಾಶವ್ವ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ಕೊಟ್ಟೆ. ಕೇಳಬಾರದು ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಫೋನು ಕಿವಿಗೆ ಹಿಡಿದ ಅವಳನ್ನು ಒಳಗೆ ಬಿಟ್ಟು ನಾನು ಬಾಗಿಲಾಚೆ ಬಂದು ನಿಂತೆ. ಆದರೂ ಕೇಳುತ್ತಿತ್ತು. ಮೊದಲು ಒಮ್ಮೆ ನಕ್ಕಳು. "ಗೊತ್ತಿತ್ತೇನೋ ನಿನಗ," ಎಂದಳು, "ಎಲ್ಲಾ ಗೊತ್ತಿತ್ತೇನೋ ನಿನಗ." ಆಮೇಲೆ ಅದನ್ನು ಮತ್ತೆ ಮೊದಲಿನಿಂದ ಹಾಕಿಕೊಂಡಳು. ಮುಗಿದಾಗಲೆಲ್ಲ ಹೂಂ ಎನ್ನುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

ಬಿಸಿಲು ಎದುರಿನ ಮಾಳಿಗೆಯ ಅಂಚಿಗೆ ಏರಿತ್ತು. ಓಣಿಯ ತಿರುವಿನಲ್ಲಿ ಮಲ್ಲೇಶಪ್ಪ ಕಾಣಿಸಿದ. ಮನೆಗೆ ಹೋಗಿ ಬೀಗ ನೋಡಿ ಇತ್ತ ಬಂದಿರಬೇಕು. ನನ್ನ ಮುಖ ನೋಡಿದವನಿಗೆ ಕೇಳುವುದೇ ಬೇಕಾಗಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಣ್ಣನ ಹತ್ತಿರ ಹೋಗಿ ಮೆಲ್ಲಗೆ, "ಅಣ್ಣಾ, ನಡಿ, ಮನಿಗೆ ಹೋಗೂಣು," ಎಂದ. ಆಮೇಲೆ, ಅತ್ತಿಗೆಗೆ ಒಂದು ಮಾತು ಹೇಳಿಯೇ ಹೋಗಬೇಕೆನ್ನಿಸಿತೇನೋ, ಅಂಗಡಿಯ ಮೆಟ್ಟಿಲು ಹತ್ತಿದ.

ಗುರುಪಾದಪ್ಪ ಬಾಗಿಲಿಗೆ ಅಡ್ಡ ಕೈ ಇಟ್ಟ. ಅಪರಿಚಿತರೊಡನೆ ಮಾತಾಡುವ ಮರ್ಯಾದೆಯ ದನಿಯಲ್ಲಿ, ಒಳಗಿನವರಿಗೆ ಕೇಳಿಸದಂತೆ ಹೇಳಿದ:

"ಸ್ವಲ್ಪ ತಡೀರಿ ಯಪ್ಪಾ. ಒಳಗ ಗಂಡ ಹೆಂಡ್ತಿ ಮಾತಾಡಾಕತ್ತಾರ."